ಮನೆತನದ ಬೈಬಲ್ ಹೇಳುವುದೆಲ್ಲ ನಿಜವೇ?

ಕೇಳುಗರಿಗೆ ನಮಸ್ಕಾರ.

1830ರ ದಶಕದ ಕೊನೆಯಿಂದ ಸ್ಕಾಟ್ಲೆಂಡಿನ ಎಷ್ಟೋ ಕುಟುಂಬಗಳು ಆಸ್ಟ್ರೇಲಿಯಾಕ್ಕೆ ಹೋಗಿ, ಈಗಿನ ವಿಕ್ಟೋರಿಯಾ ರಾಜ್ಯದ ಪಶ್ಚಿಮ ಬಯಲಿನಲ್ಲಿ ಕುರಿ ಸಾಕಣೆಗೆ ನಿಂತವು. ಅಂಥ ಮನೆಗಳ ಹಳೆಯ ಪೆಟ್ಟಿಗೆ ತೆರೆದರೆ ಸಿಗುವುದು ದಪ್ಪನೆಯ ಬೈಬಲ್, ಊರಿನಿಂದ ಬಂದ ಕಾಗದಗಳು, ದಿನಚರಿ, ಉಣ್ಣೆಯ ಲೆಕ್ಕದ ಪುಸ್ತಕ, ಮೂಟೆಗಳ ಮೇಲೆ ಗುರುತು ಹಾಕುವ ತಗಡಿನ ಅಚ್ಚು.

ಬೈಬಲ್ಲಿನ ಖಾಲಿ ಹಾಳೆಯಲ್ಲಿ ಹುಟ್ಟು, ಮದುವೆ, ಸಾವು ಬರೆದಿಡುವುದು ರೂಢಿ. ಅದನ್ನು ನಂಬುವ ಮೊದಲು ಪುಸ್ತಕ ಅಚ್ಚಾದ ವರ್ಷ ನೋಡಬೇಕು. ಅಚ್ಚಾದದ್ದು 1850ರಲ್ಲಿ, ಮೊದಲ ಹುಟ್ಟು 1822ರದ್ದು ಎಂದರೆ, ಆ ಸಾಲು ನೆನಪಿನಿಂದಲೋ ಇನ್ನೊಂದು ಪುಸ್ತಕದಿಂದಲೋ ಇಳಿಸಿದ್ದು. ಎಲ್ಲ ಮಕ್ಕಳ ಹೆಸರೂ ಒಂದೇ ಕೈಬರಹ, ಒಂದೇ ಶಾಯಿಯಲ್ಲಿದ್ದರೆ ಯಾರೋ ಒಂದೇ ಸಲ ಕೂತು ಬರೆದಿರಬೇಕು. ಮದುವೆಯ ತಾರೀಖನ್ನು ತಿದ್ದಿದ್ದರೆ ಮೊದಲ ಮಗುವಿನ ತಾರೀಖಿನ ಜೊತೆ ತಾಳೆ ಹಾಕಿ ನೋಡಿ, ಕಾರಣ ಅಲ್ಲೇ ಸಿಕ್ಕೀತು! ಒಂದೇ ಹೆಸರು ಎರಡು ಸಲ ಬಂದರೆ ತಪ್ಪೆಂದು ಹೊಡೆದುಹಾಕಬಾರದು. ತೀರಿಕೊಂಡ ಮಗುವಿನ ಹೆಸರನ್ನೇ ಮುಂದಿನದಕ್ಕೆ ಇಡುತ್ತಿದ್ದರು. ಹಿರಿಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯದು. ನಮಗೂ ಹೊಸದಲ್ಲದ ಈ ಪದ್ಧತಿ ಸುಳಿವಾದೀತು, ಪುರಾವೆಯಾಗದು. ಪುರಾವೆಗೆ ಸರ್ಕಾರಿ ನೋಂದಣಿಯೇ ಬೇಕು: ವಿಕ್ಟೋರಿಯಾದಲ್ಲಿ ಅದು ಶುರುವಾದದ್ದು 1853ರ ಜುಲೈಯಲ್ಲಿ, ಸ್ಕಾಟ್ಲೆಂಡಿನಲ್ಲಿ 1855ರ ಜನವರಿಯಲ್ಲಿ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಗತಿ.

ಇನ್ನು ಕಾಗದಗಳು. ಆ ಕಾಲದ ಶಾಯಿ ಬಹುಮಟ್ಟಿಗೆ ಮಾಚಿಕಾಯಿ, ಅನ್ನಭೇದಿ (ಕಬ್ಬಿಣದ ಲವಣ) ಸೇರಿಸಿ ಮಾಡಿದ್ದು. ಅದರಲ್ಲಿನ ಆಮ್ಲವೂ ಕಬ್ಬಿಣವೂ ಕಾಗದವನ್ನು ತಿನ್ನುತ್ತವೆ; ದಪ್ಪ ಗೀಟು ಎಳೆದ ಕಡೆ ಮೊದಲು ಕಂದು ಅಂಚು, ಆಮೇಲೆ ತೂತು. ತೇವ ತಗುಲಿದರೆ ಇನ್ನೂ ಬೇಗ. ಮಡಿಕೆಯಲ್ಲಿ ಹರಿದಿದೆಯೆಂದು ಸೆಲೊಟೇಪ್ ಹಚ್ಚಿದರೆ ಅಂಟು ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಲ್ಯಾಮಿನೇಷನ್ ಅಂತೂ ಕೂಡದು. ತುಕ್ಕು ಹಿಡಿದ ಗುಂಡುಪಿನ್ನು ಮೆಲ್ಲಗೆ ತೆಗೆದು, ಹಾಳೆ ಬಿಡಿಸಿ, ಆಮ್ಲರಹಿತ ಕಾಗದದ ಲಕೋಟೆಗೆ ಹಾಕಬೇಕು. ಲಕೋಟೆಯ ಮೇಲೆ ವಿವರ ಬರೆಯುವುದು ಪೆನ್ಸಿಲಿನಲ್ಲಿ, ಅದೂ ಹಾಳೆ ಒಳಗಿಡುವ ಮೊದಲು. ಬೈಬಲ್ಲಿನ ತೊಗಲು ಕೆಂಪು ಪುಡಿಯಾಗಿ ಕೈಗೆ ಹತ್ತಿದರೆ ಎಣ್ಣೆ ಹಚ್ಚಬಾರದು.

ದಿನಚರಿಯಲ್ಲಿ ಮನೆತನಕ್ಕೆ ಮುಜುಗರ ತರುವ ಪುಟಗಳೂ ಇರುತ್ತವೆ. ಅವನ್ನು ಕೀಳಬಾರದು. ಸ್ಕಾಟ್ಲೆಂಡಿನ ಆರ್ಗೈಲ್‌ನಿಂದ 1839ರಲ್ಲಿ ಬಂದ ನೀಲ್ ಬ್ಲ್ಯಾಕ್ ಗ್ಲೆನಾರ್ಮಿಸ್ಟನ್ ಎಂಬ ಕುರಿಗಾವಲನ್ನು ಹಿಡಿದ. ಆ ನೆಲದಲ್ಲಿ ಹಿಂದಿನ ಮೇಲ್ವಿಚಾರಕ ಫ್ರೆಡರಿಕ್ ಟೇಲರ್ ಮೂಲನಿವಾಸಿಗಳನ್ನು ಕೊಲ್ಲಿಸಿದ ಸಂಗತಿ ಬ್ಲ್ಯಾಕನ ದಿನಚರಿಯಲ್ಲಿ ದಾಖಲಾಗಿದೆ. ಅವನ ಕಾಗದಪತ್ರಗಳು ಇಂದು ಮೆಲ್ಬರ್ನಿನ ವಿಕ್ಟೋರಿಯಾ ರಾಜ್ಯ ಗ್ರಂಥಾಲಯದಲ್ಲಿವೆ.