ಮೊಲದ ಗೂಡಿನಿಂದ ಮೀನಿನ ತೊಟ್ಟಿಗೆ: ನಡುವೆ ಒಂದು ತಿಂಗಳು

ಗೋವೆಯಲ್ಲಿ ನೆಲೆಸಿರುವ ಕನ್ನಡದ ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಪಶುವೈದ್ಯ. ಫೋಂಡಾ ಸುತ್ತಮುತ್ತ 28 ವರ್ಷ ದನ, ಆಡು, ಹಂದಿ, ಕೋಳಿ ನೋಡಿದವನು. ಈಚೆಗೆ ನನಗೆ ಬರುವ ಫೋನುಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಮಾಂಸಕ್ಕಂತ ಮೊಲ ಸಾಕಿದ್ವಿ, ಗಿಟ್ಟಲಿಲ್ಲ. ಅವನ್ನ ಯಾರಿಗಾದರೂ ಕೊಟ್ಟು ಹಿತ್ತಿಲಲ್ಲಿ ಮೀನಿನ ತೊಟ್ಟಿ ಹಾಕೋಣ ಅಂತಿದ್ದೇವೆ, ಹೇಗೆ?"

ಆಸೆ ಒಳ್ಳೆಯದೇ. ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಟ್ರಾಲರ್ ಇಳಿಯುವ ಹಾಗಿಲ್ಲ. ಆ ಎರಡು ತಿಂಗಳು ಮೀನಿನ ಬುಟ್ಟಿಯ ಮುಂದೆ ನಿಂತು, ದರ ಕೇಳಿ, ಬರಿಗೈಲಿ ಮನೆಗೆ ಬರುವ ಕಷ್ಟ ನನಗೂ ಗೊತ್ತು. ಕೃಷ್ಣಾ, ಮಲಪ್ರಭಾ ದಂಡೆಯಿಂದ ಬಂದ ನಮ್ಮವರಿಗೆ ಹೊಳೆ ಮೀನಿನ ರುಚಿ ಹೊಸದೂ ಅಲ್ಲ. ಇನ್ನು ಮೊಲಕ್ಕೆ ಗೋವೆಯ ಸೆಕೆ ಒಗ್ಗುವುದಿಲ್ಲ. ಅದು ನಮ್ಮ ಹಾಗೆ ಬೆವರುವುದಿಲ್ಲ, ಮೈಯ ಕಾವನ್ನು ಹೆಚ್ಚಾಗಿ ಕಿವಿಯಿಂದಲೇ ಕಳೆಯಬೇಕು. ಹವೆ 30 ಡಿಗ್ರಿ ದಾಟಿ ದಿನಗಟ್ಟಲೆ ನಿಂತರೆ ಗಂಡಿನ ಬೀಜದ ಕಸುವು ಕುಂದುತ್ತದೆ, ಬೇಸಿಗೆಯಲ್ಲಿ ಹೆಣ್ಣು ಗಬ್ಬ ನಿಲ್ಲುವುದು ಕಡಿಮೆ. ಹಾಗಾಗಿ ಮೊಲ ಬಿಡುತ್ತೇನೆ ಎನ್ನುವವರನ್ನು ನಾನು ತಡೆಯುವುದಿಲ್ಲ.

ನಾನು ಹೇಳುವುದು ಒಂದೇ ಮಾತು. ಒಂದು ತಿಂಗಳು ತಾಳಿ. ಮೊಲ ಕೊಡುವ ಮೊದಲು ಒಂದು ತಿಂಗಳು, ಮೀನು ಬಿಡುವ ಮೊದಲು ಒಂದು ತಿಂಗಳು. ಎರಡಕ್ಕೂ ಹೆಚ್ಚುಕಡಿಮೆ ಅದೇ ಒಂದು ತಿಂಗಳು ಸಾಕಾಗುತ್ತದೆ. ಆದರೆ ಆ ಒಂದು ತಿಂಗಳು ಮಾತ್ರ ಬೇಕೇ ಬೇಕು.

ಯಾಕೆ ಅಂತ ಹೇಳುವುದಕ್ಕೆ ಒಬ್ಬ ಗೌಂಡಿಯ ಕಥೆ ಹೇಳಬೇಕು. ಗದಗ ಕಡೆಯವರು, ಗೋವೆಗೆ ಬಂದು ಇಪ್ಪತ್ತು ವರ್ಷವಾಗಿದೆ. ಸ್ವಂತ ಮನೆ, ಹಿಂದೆ ಒಂದಿಷ್ಟು ಹಿತ್ತಿಲು. ಆರು ಮೊಲದಿಂದ ಶುರು ಮಾಡಿದ್ದರು, ಹತ್ತೊಂಬತ್ತು ಆಗಿದ್ದವು. ಬಿಳಿ ಮೈ, ಕೆಂಪು ಕಣ್ಣು, ನ್ಯೂಜಿಲೆಂಡ್ ವೈಟ್ ಜಾತಿ. ಕೋಳಿ ಕೊಳ್ಳುವ ಹಾಗೆ ಮೊಲದ ಮಾಂಸ ಕೇಳಿಕೊಂಡು ಯಾರೂ ಬರಲಿಲ್ಲ. ಒಂದು ಫೆಬ್ರುವರಿಯಲ್ಲಿ, ಅವರ ಹೆಂಡತಿಯ ತಮ್ಮ ಮೀನಿನ ತೊಟ್ಟಿಯ ವಿಡಿಯೋ ತೋರಿಸಿದ. ಶನಿವಾರ ಸಂಜೆ ನಿರ್ಧಾರವಾಯಿತು, ಭಾನುವಾರ ಮೊಲಗಳೆಲ್ಲ ಖಾಲಿ. ಪಕ್ಕದ ಓಣಿಯ ಮಕ್ಕಳಿಗೆ ನಾಲ್ಕು, ಕೆಲಸದ ಜೊತೆಗಾರರಿಗೆ ಹತ್ತು. ಉಳಿದ ಐದನ್ನು ಗೋಣಿಚೀಲಕ್ಕೆ ಹಾಕಿ ಊರಿಗೆ ಹೋಗುವ ಬಸ್ಸಿನಲ್ಲಿ ಕಳಿಸಿದರು. ಸೋಮವಾರ ತಾಡಪತ್ರಿ ತೊಟ್ಟಿ ನಿಂತಿತು, ನಲ್ಲಿಯ ನೀರು ತುಂಬಿತು. ಸಂಜೆಗೆ ಐನೂರು ಮೀನುಮರಿ ಬಂದವು.

ಮಂಗಳವಾರ ನಸುಕಿಗೆ ನನಗೆ ಮೊದಲ ಫೋನು. "ಸಾಹೇಬ್ರ, ಮೀನು ಎಲ್ಲಾ ಬೆಳ್ಳಗ ಹೊಟ್ಟಿ ಮ್ಯಾಲ ಮಾಡ್ಯಾವ್ರೀ." ಅರ್ಧ ಗಂಟೆಗೆ ಇನ್ನೊಂದು ಫೋನು. ಅದು ಅವರ ಜೊತೆಗಾರನದು, ಟೈಲ್ಸ್ ಕೂರಿಸುವವನು, ಝುವಾರಿನಗರದಿಂದ. "ಸಾಹೇಬ್ರ, ಗೌಂಡಿ ಮಾಮಾ ಕಜ್ಜಿ ಹತ್ತಿದ ಮೊಲಾ ಕೊಟ್ಟಾನ್ರೀ. ಎದಿ ಮ್ಯಾಗಿನ ಕೂದಲಾ ತಾನ ಬಾಯಿಲೆ ಕಿತ್ತಗೊಳ್ಳಾಕ ಹತ್ತೇತಿ. ವಾಪಸ್ ಒಯ್ದು ಕೊಡ್ಲೇನ್ರೀ?"

ನಾನು ಕೇಳಿದೆ, "ಕಿತ್ತ ಕೂದಲನ್ನು ಏನು ಮಾಡುತ್ತಿದೆ?" ಅವನು ಹೋಗಿ ನೋಡಿ ಬಂದ. "ಮೂಲ್ಯಾಗ ಒಟ್ಟಾಕ ಹತ್ತೇತ್ರೀ."

ಕೇಳುಗರೇ, ಕಜ್ಜಿ ಹತ್ತಿದ ಮೊಲ ಕೂದಲನ್ನು ಮೂಲೆಯಲ್ಲಿ ಒಟ್ಟುವುದಿಲ್ಲ. ಅದು ಬಾಣಂತಿಯ ಹಾಸಿಗೆ. ಇನ್ನೇನು ಮರಿ ಹಾಕುವ ಹೊತ್ತಿಗೆ ಹೆಣ್ಣು ಮೊಲ ತನ್ನ ಎದೆಯ ನಯವಾದ ತುಪ್ಪಟವನ್ನು ತಾನೇ ಕಿತ್ತು ಮರಿಗಳಿಗೆ ಹಾಸುತ್ತದೆ. ಒಂದು ಮಾವಿನ ಹಣ್ಣಿನ ಪೆಟ್ಟಿಗೆ ಹುಡುಕಿ, ಒಣ ಹುಲ್ಲು ಹಾಕಿ, ಕತ್ತಲಿರುವ ಕಡೆ ಗೂಡಿನೊಳಗಿಡು, ನಾಯಿಯನ್ನು ದೂರ ಕಟ್ಟು ಅಂದೆ. ಮರುದಿನ ನಾನೇ ಹೋದೆ. ತುಪ್ಪಟದ ರಾಶಿ ತಾನಾಗಿ ಉಸಿರಾಡಿದ ಹಾಗೆ ಏರಿ ಇಳಿಯುತ್ತಿತ್ತು. ಬೆರಳಿನಿಂದ ಸರಿಸಿದರೆ ಒಳಗೆ ಏಳು ಮರಿ. ಕೂದಲಿಲ್ಲ, ಕಣ್ಣು ತೆರೆದಿಲ್ಲ, ಒಂದೊಂದೂ ಹೆಬ್ಬೆರಳಿನಷ್ಟು, ಕೈಗೆ ಬಿಸಿ ಬಿಸಿ. ಆ ಹುಡುಗನ ಹೆಂಡತಿ ಹೆದರಿದ್ದಳು, "ತಾಯಿ ಹತ್ರಾನ ಹೋಗವಲ್ದು, ಹಾಲು ಕುಡಿಸವಲ್ದು" ಅಂತ. ಮೊಲ ದಿನಕ್ಕೆ ಒಂದೇ ಸಲ, ಮೂರು ನಾಲ್ಕು ನಿಮಿಷ ಹಾಲು ಕುಡಿಸುತ್ತದೆ. ಅಷ್ಟೇ ಅದರ ಪದ್ಧತಿ. ಮರಿಯ ಹೊಟ್ಟೆ ದುಂಡಗಿದ್ದರೆ ಚಿಂತೆ ಬೇಡ ಅಂದೆ. ಹತ್ತು ಹನ್ನೆರಡು ದಿನಕ್ಕೆ ಕಣ್ಣು ಬಿಟ್ಟವು, ಏಳೂ ಉಳಿದವು.

ಬಸ್ಸಿಗೆ ಹೋದ ಐದರಲ್ಲಿಯೂ ಒಂದು ಗಬ್ಬವಿತ್ತು. ಅನ್ಮೋಡ್ ಘಾಟಿನ ತಿರುವುಗಳಲ್ಲಿ, ಗೋಣಿಚೀಲದೊಳಗೆ, ನಾಲ್ಕು ಮೊಲಗಳ ಕಾಲ ಕೆಳಗೆ ಅದು ಮರಿ ಹಾಕಿತು. ಊರಿನಲ್ಲಿ ಚೀಲ ಬಿಚ್ಚಿದಾಗ ಒಂದು ಮರಿಯೂ ಉಳಿದಿರಲಿಲ್ಲ. ಆ ಗೌಂಡಿ ಕೆಟ್ಟ ಮನುಷ್ಯ ಅಲ್ಲ. ಸುದ್ದಿ ಬಂದ ದಿನ ಊಟ ಬಿಟ್ಟವರು. ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಾಗಲಿ ಅಂತಲೇ ನಾನು ಇವತ್ತು ಇಲ್ಲಿ ಕೂತಿರುವುದು.

ಗೊತ್ತಿರಬೇಕಾದ್ದು ಇಷ್ಟು. ಮೊಲದ ಗಬ್ಬ 30, 31 ದಿನ. ಹಸು, ಎಮ್ಮೆಯ ಹಾಗೆ ಬೆದೆಗೆ ಕಾಯುವ ಪ್ರಾಣಿ ಅಲ್ಲ ಅದು. ಗಂಡು ಸೇರಿದ ಮೇಲೆಯೇ ಅದರ ಅಂಡ ಬಿಡುಗಡೆಯಾಗುತ್ತದೆ. ಮರಿ ಹಾಕಿದ ದಿನವೇ ಮತ್ತೆ ಗಬ್ಬವಾಗಬಲ್ಲದು. ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಅದಕ್ಕೇ ಇವತ್ತೇ ಗಂಡು ಬೇರೆ, ಹೆಣ್ಣು ಬೇರೆ ಮಾಡಿ. ಮೂರು ತಿಂಗಳು ದಾಟಿದ ಗಂಡುಮರಿಯನ್ನೂ ಬೇರೆ ಮಾಡಿ, ಅದಿನ್ನೂ ಕೂಸು ಅಂತ ತಾಯಿಯ ಹತ್ತಿರ ಬಿಡಬೇಡಿ. ಕ್ಯಾಲೆಂಡರಿನಲ್ಲಿ ತಾರೀಖು ಗುರುತು ಹಾಕಿ. ಒಂದು ತಿಂಗಳು ತುಂಬಿ ಮರಿ ಆಗಲಿಲ್ಲ ಅಂದರೆ ಧೈರ್ಯವಾಗಿ ಕೊಡಿ. ಮರಿ ಆದರೆ ಅವು ಹಾಲು ಬಿಡುವವರೆಗೆ ಆ ಒಂದು ತಾಯಿಯನ್ನು ಇಟ್ಟುಕೊಳ್ಳಿ.

ಇನ್ನು ನೀರು. ಮೀನು ಸತ್ತದ್ದಕ್ಕೆ ರೋಗ ಅಂದರು, ಮರಿ ಕೊಟ್ಟವನು ಮೋಸ ಮಾಡಿದ ಅಂದರು. ಎರಡೂ ಅಲ್ಲ. ನೀರು ಹೊಸದು. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಅದು ಕಿವಿರನ್ನು ಸುಡುತ್ತದೆ. ನೀರಿಗೆ ಗಾಳಿ ಊದುವ ಏರೇಟರ್ ಹಾಕಿ ಎರಡು ದಿನ ಬಿಟ್ಟರೆ ಕ್ಲೋರಿನ್ ಹೋಗುತ್ತದೆ. ಆದರೆ ಅಲ್ಲಿಗೇ ಮುಗಿಯಲಿಲ್ಲ. ಮೀನು ತಿಂದದ್ದರಲ್ಲಿ ಒಂದು ಪಾಲು ಅಮೋನಿಯಾ ಆಗಿ ನೀರಿಗೆ ಬರುತ್ತದೆ, ಅದು ವಿಷ. ಅದನ್ನು ತಿಂದು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಸೂಕ್ಷ್ಮಜೀವಿಗಳು ಇವೆ. ನೈಟ್ರೈಟೂ ವಿಷವೇ, ನೈಟ್ರೇಟಿನಿಂದ ಅಷ್ಟು ತೊಂದರೆ ಇಲ್ಲ. ಈ ಜೀವಿಗಳು ತೊಟ್ಟಿಯಲ್ಲಿ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಎತ್ತು ಪಳಗುವ ಹಾಗೆ ನೀರೂ ಪಳಗಬೇಕು.

ಅದಕ್ಕೆ ಮೊಲದ ಗೂಡುಗಳನ್ನು ಗೋಡೆ ಬದಿಗೆ ಸರಿಸಿ, ತೊಟ್ಟಿಯನ್ನು ಈಗಲೇ ನಿಲ್ಲಿಸಿ. ನಾಲ್ಕು ಮೀಟರ್ ಅಗಲದ ದುಂಡು ತೊಟ್ಟಿಗೆ 1.2 ಮೀಟರ್ ನೀರು ನಿಲ್ಲಿಸಿದರೆ 15,000 ಲೀಟರ್ ಆಯಿತು, ಒಂದು ಮನೆಗೆ ಧಾರಾಳ. ಕ್ಲೋರಿನ್ ಹೋದ ಮೇಲೆ ದಿನಾ ಒಂದು ಹಿಡಿ ಮೀನಿನ ಮೇವು ಹಾಕಿ, ಮೀನಿಲ್ಲದಿದ್ದರೂ ಹಾಕಿ. ಅಮೋನಿಯಾ ಏರುತ್ತದೆ, ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರುತ್ತದೆ, ಇಳಿಯುತ್ತದೆ. ಪರೀಕ್ಷೆಯ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಎರಡೂ ಸೊನ್ನೆಗೆ ಬಂದ ದಿನ ಮೀನುಮರಿ ತನ್ನಿ, ಅದಕ್ಕೂ ಮೊದಲು ಬೇಡ. ಮೊದಲ ಸಲ 250 ಮರಿ ಸಾಕು. ಬಾವಿ ನೀರಿನವರು ಇನ್ನೊಂದು ನೆನಪಿಡಿ. ನಮ್ಮ ಕೆಂಪು ಚಿರೇಕಲ್ಲಿನ ನೆಲದ ಬಾವಿಗಳಲ್ಲಿ ನೀರು ಹುಳಿ ಇರುವುದುಂಟು. ಪರೀಕ್ಷಿಸಿ, ಬೇಕಾದರೆ ಸುಣ್ಣ ಹಾಕಿ.

ಆ ಗೌಂಡಿ ಎರಡನೇ ಸಲ ಹೀಗೇ ಮಾಡಿದರು. 34ನೇ ದಿನ ಮೀನುಮರಿ ಬಿಟ್ಟರು, ಬದುಕಿ ನಿಂತವು.

ಸಮಯ ಕಡಿಮೆ ಇದೆ, ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಮೊಲವನ್ನು ಮಾಂಸಕ್ಕೆ ಕೊಡುವುದಾದರೆ ಕೊಡಿ, ತಪ್ಪಿಲ್ಲ. ಸಾಕುವುದಕ್ಕೆ ಅಂತ ಹೇಳಿ ಮಾತ್ರ ಹಾಗೆ ಕೊಡಬೇಡಿ. ಎರಡು ಬೆಳೆದ ಗಂಡನ್ನು ಒಂದೇ ಗೂಡಿಗೆ ಕೊಡಬೇಡಿ, ರಕ್ತ ಬರುವ ಹಾಗೆ ಕಚ್ಚಾಡುತ್ತವೆ. ಕಿವಿ ಹಿಡಿದು ಎತ್ತುವುದು ಬೇಡವೇ ಬೇಡ. ತಿನ್ನುತ್ತಿದ್ದ ಮೇವನ್ನೇ ಒಂದು ವಾರಕ್ಕಾಗುವಷ್ಟು ಕಟ್ಟಿಕೊಡಿ, ಮೇವು ಒಮ್ಮೆಲೇ ಬದಲಾದರೆ ಭೇದಿಯಾಗಿ ಸಾಯುವುದುಂಟು. ಸಾಗಿಸುವುದು ನಸುಕಿನಲ್ಲಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ, ಗೋಣಿಚೀಲದಲ್ಲಿ ಅಲ್ಲ. ಬೋಂಡ್ಲಾ ಕಾಡಿಗೆ ಬಿಟ್ಟು ಬರುತ್ತೇವೆ ಅಂತ ಕೇಳುವವರಿದ್ದಾರೆ. ದಯವಿಟ್ಟು ಬೇಡ. ನಮ್ಮ ಕಾಡುಮೊಲ ಬೇರೆ ಜಾತಿ, ಅದರ ಮರಿ ಹುಟ್ಟುವಾಗಲೇ ಕಣ್ಣು ತೆರೆದು, ಮೈತುಂಬ ಕೂದಲಿಟ್ಟುಕೊಂಡು ಬರುತ್ತದೆ. ಗೂಡಿನಲ್ಲಿ ಬೆಳೆದ ಈ ಬಿಳಿ ಮೊಲಕ್ಕೆ ಅಲ್ಲಿ ಒಂದು ರಾತ್ರಿ ಕಳೆಯುವುದೂ ಕಷ್ಟ.

ಮೀನಿನಲ್ಲಿ ಥಾಯ್ ಮಾಗುರ್ ಅಂತ ಆಫ್ರಿಕದ ಮೀನು ಮಾರಲು ಬರುತ್ತಾರೆ. ಅದನ್ನು ನಮ್ಮ ದೇಶದಲ್ಲಿ ಸಾಕುವುದಕ್ಕೆ ನಿಷೇಧವಿದೆ, ಕೊಳ್ಳಬೇಡಿ. ಕರೆಂಟ್ ಹೋದಾಗ ಏರೇಟರ್ ನಡೆಸಲು ಬ್ಯಾಟರಿ ಇಟ್ಟುಕೊಳ್ಳಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇಕಡಾ 40, ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟರಿಗೆ ಶೇಕಡಾ 60ರವರೆಗೆ ಸಹಾಯಧನ ಇಟ್ಟಿದ್ದರು. ಈಗ ಹೇಗಿದೆ ಎಂದು ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ವಿಚಾರಿಸಲು ನಿಮಗೆ ಸಮಯವೂ ಇದೆ, ಹೇಗೂ ಒಂದು ತಿಂಗಳು ಕಾಯುತ್ತೀರಲ್ಲ.

ಝುವಾರಿನಗರದ ಆ ಹುಡುಗ ಮೊಲವನ್ನು ವಾಪಸ್ ಕೊಡಲಿಲ್ಲ. ಮರಿಗಳಲ್ಲಿ ಎರಡು ಹೆಣ್ಣನ್ನು ಇಟ್ಟುಕೊಂಡ. ಮಾವಿನ ಪೆಟ್ಟಿಗೆ ಇನ್ನೂ ಆ ಗೂಡಿನಲ್ಲೇ ಇದೆ, ಹೋದಾಗಲೆಲ್ಲ ನೋಡುತ್ತೇನೆ.

ನಮಸ್ಕಾರ.