ಮೆಟಗತ್ತಿಯ ಮುಂದೆ ಪುಸ್ತಕ

ಕೇಳುಗ ಬಂಧುಗಳೇ, ನಮಸ್ಕಾರ.

ಇತ್ತೀಚೆಗೆ ಓದಿದ ಪುಸ್ತಕಗಳ ಬಗ್ಗೆ ಹತ್ತು ನಿಮಿಷ ಮಾತಾಡಿ ಅಂತ ಕಾರವಾರ ಆಕಾಶವಾಣಿಯವರು ಫೋನ್ ಮಾಡಿದಾಗ ಹೂಂ ಅಂದುಬಿಟ್ಟೆ. ಇವತ್ತು ಬೆಳಿಗ್ಗೆ ಬಸ್ಸು ದೇವಿಮನೆ ಘಟ್ಟ ಇಳಿಯುವಾಗ ಲೆಕ್ಕ ಹಾಕಿದೆ. ಎರಡು ವರ್ಷದಿಂದ ಒಂದು ಪುಸ್ತಕವನ್ನೂ ನಾನು ಮನಸ್ಸಿನಲ್ಲೇ ಓದಿಕೊಂಡಿಲ್ಲ. ಎಲ್ಲವೂ ಗಟ್ಟಿಯಾಗಿ, ನಾಲ್ಕು ಜನರ ಎದುರು ಓದಿ ಹೇಳಿದ್ದೇ. ನಾನು ಇವತ್ತು ಹೇಳುವುದೂ ಇದೊಂದೇ: ಬಾಯಿಬಿಟ್ಟು ಓದಿ. ಪುಸ್ತಕದ ಯೋಗ್ಯತೆ ಕಿವಿಗೆ ತಿಳಿಯುತ್ತದೆ. ವಿಮರ್ಶೆ ಬೇಡ, ಪ್ರಶಸ್ತಿಯ ಪಟ್ಟಿ ಬೇಡ, ಮುನ್ನುಡಿಯಂತೂ ಬೇಡವೇ ಬೇಡ.

ಇದು ಶುರುವಾದ ಕತೆ ಹೇಳುತ್ತೇನೆ. ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟದ ಮನೆ. ಮೀನಿನ ಹಾಗೆ ಹಸಿ ಅಡಿಕೆಯೂ ಕಾಯುವುದಿಲ್ಲ, ಕರಾವಳಿಯವರಿಗೆ ಇಷ್ಟು ಹೇಳಿದರೆ ಸಾಕು. ಕೊನೆ, ಅಂದರೆ ಅಡಿಕೆ ಗೊಂಚಲು, ಕೊಯ್ದ ಮೇಲೆ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು, ಆಮೇಲೆ ಅದು ಕೆಂಪಡಿಕೆ. ಸಂಜೆಯಾದರೆ ಎಂಟು ಹೆಂಗಸರು ನಮ್ಮ ಜಗಲಿಯಲ್ಲಿ ಮೆಟಗತ್ತಿ, ಅಂದರೆ ಅಡಿಕೆ ಸುಲಿಯುವ ಕತ್ತಿ, ಹಾಕಿಕೊಂಡು ಕೂರುತ್ತಾರೆ, ಏಳುವಾಗ ರಾತ್ರಿ ಹತ್ತೂವರೆ. ಡಬ್ಬದ ಲೆಕ್ಕ, ಎಷ್ಟು ಡಬ್ಬ ಸುಲಿದರೆ ಅಷ್ಟು ದುಡ್ಡು. ಮಾತಾಡಿದರೂ ನಕ್ಕರೂ ಬೈದಾಡಿಕೊಂಡರೂ ಕತ್ತಿ ಮಾತ್ರ ನಿಲ್ಲುವುದಿಲ್ಲ. ಚರ್, ಟಕ್. ಚರ್, ಟಕ್. ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ.

ಒಂದು ರಾತ್ರಿ ಕರೆಂಟು ಹೋಯಿತು, ಧಾರಾವಾಹಿ ಅರ್ಧಕ್ಕೇ ನಿಂತಿತು. "ಅಕ್ಕೋರೇ, ಶಾಲೇಲಿ ಓದಿ ಹೇಳ್ತಿದ್ರಲ್ಲ, ಎಂತಾರೂ ಓದಿ" ಅಂದಳು ಒಬ್ಬಳು. ಏಳನೇ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಪೆಟ್ಟು ತಿಂದವಳೇ! ಕತ್ತಲಲ್ಲಿ ಕಪಾಟಿಗೆ ಕೈಹಾಕಿದರೆ ಸಿಕ್ಕಿದ್ದು ಶಿವರಾಮ ಕಾರಂತರ 'ಬೆಟ್ಟದ ಜೀವ'. 1943ರ ಕಾದಂಬರಿ. ಚಾರ್ಜ್ ಲೈಟನ್ನು ಅಡಿಕೆ ಬುಟ್ಟಿಯ ಮೇಲಿಟ್ಟುಕೊಂಡು ಶುರುಮಾಡಿದೆ.

ಸುಬ್ರಹ್ಮಣ್ಯದ ಕಡೆಯ ಕಾಡು. ದಾರಿ ತಪ್ಪಿದ ಒಬ್ಬ ಮನುಷ್ಯ. ಕತ್ತಿ ತನ್ನ ಪಾಡಿಗೆ ನಡೆಯುತ್ತಿತ್ತು. ಗೋಪಾಲಯ್ಯ ಬಂದರು, ಊಟ ಹಾಕಿದರು, ತೋಟದ ಮಾತು ಬಂತು, ಆಗಲೂ ನಡೆಯಿತು. ನಡುನಡುವೆ "ನಮ್ಮಲ್ಲೂ ಹಂಗೇಯ" ಅನ್ನುವ ಮಾತು ಬೇರೆ. ಆಮೇಲೆ, ಆ ಮುದುಕ ದಂಪತಿಗೆ ಶಂಭು ಅಂತ ಮಗನಿದ್ದಾನೆ, ಮನೆ ಬಿಟ್ಟು ಹೋಗಿದ್ದಾನೆ ಅನ್ನುವ ಭಾಗ ಬಂತು.

ಕತ್ತಿ ನಿಂತಿತು. ಒಂದಲ್ಲ, ಎಂಟೂ. ಕೊಟ್ಟಿಗೆಯಲ್ಲಿ ದನ ಮೆಲುಕು ಹಾಕುವ ಸದ್ದು ಕೇಳಿತು ನನಗೆ. ಡಬ್ಬದ ಲೆಕ್ಕದವರು, ಕೇಳುಗರೇ! ಕತ್ತಿ ನಿಂತರೆ ದುಡ್ಡು ನಿಂತ ಹಾಗೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಓದಿ ಹೇಳಿದ್ದೇನೆ, ಅಂಥ ಮೌನ ನನಗೆ ಒಂದು ದಿನವೂ ಸಿಕ್ಕಿರಲಿಲ್ಲ.

ಮೂಲೆಯಲ್ಲಿ ಕೂತವಳ ಮಗ ಬೆಂಗಳೂರಿನ ಹೋಟೆಲಿನಲ್ಲಿ ಕೆಲಸಕ್ಕಿದ್ದಾನೆ. ಅವಳು ಕೇಳಿದಳು: "ಬಂದ್ನಾ?"

"ಯಾರೇ?"

"ಮಗ."

"ಇನ್ನೂ ಇಲ್ಲ" ಅಂದೆ. ಮರುದಿನ ಸಂಜೆ ಅಂಗಳದಲ್ಲಿ ಕಾಲು ತೊಳೆಯುತ್ತಲೇ ಅಲ್ಲಿಂದ ಕೂಗಿದಳು, "ಅಕ್ಕೋರೇ, ಬಂದ್ನಾ?" ತಾನಿಲ್ಲದ ಹಗಲಿನಲ್ಲಿ ಎಲ್ಲಿ ಬಂದುಬಿಟ್ಟನೋ ಅಂತ! ಹತ್ತು ರಾತ್ರಿ ಓದಿದೆ, ಹತ್ತು ಸಂಜೆಯೂ ಅದೇ ಪ್ರಶ್ನೆ. ಒಂದು ದಿನ ಪುಸ್ತಕವನ್ನೇ ಕೇಳಿ ಇಸಕೊಂಡು, ಶಂಭು ಅಂತ ಅಚ್ಚಾದ ಜಾಗ ಎಲ್ಲಿ ಎಂದು ಹುಡುಕಿ, ಬೆರಳಿಟ್ಟು ನೋಡಿದಳು. ಅಡಿಕೆ ಚೊಗರಿನ ಕಪ್ಪು ಹೆಬ್ಬೆಟ್ಟಿನ ಗುರುತು ಆ ಪುಟದಲ್ಲಿ ಹಾಗೇ ಉಳಿದಿದೆ. ಚೊಗರು ಬಟ್ಟೆಯಿಂದಲೇ ಹೋಗುವುದಿಲ್ಲ, ಇನ್ನು ಕಾಗದದಿಂದ ಹೋಗುತ್ತದೆಯೇ? ಮಗ ಬಂದನೋ ಇಲ್ಲವೋ ಅಂತ ನಿಮಗೆ ನಾನು ಹೇಳುವುದಿಲ್ಲ. ಓದಿಕೊಳ್ಳಿ, ಗಟ್ಟಿಯಾಗಿ.

ಅಲ್ಲಿಂದ ನನಗೆ ಒಂದೇ ಅಳತೆ, ಕತ್ತಿ ನಿಂತಿತೋ ಇಲ್ಲವೋ.

ಜಂಬದಿಂದ ಮುಂದೆ ತೆಗೆದದ್ದು 'ಶಿಕಾರಿ'. ಹನೇಹಳ್ಳಿಯ ಯಶವಂತ ಚಿತ್ತಾಲರದು, ನಮ್ಮ ಜಿಲ್ಲೆಯವರದು, 1979ರದು, ನನಗೆ ಪ್ರಾಣ. ನಾಗಪ್ಪ ಮುಂಬಯಿಯ ಕಂಪನಿಯಲ್ಲಿ ದೊಡ್ಡ ಹುದ್ದೆಯವ, ತನ್ನ ಸುತ್ತ ಯಾರೋ ಬಲೆ ಹೆಣೆಯುತ್ತಿದ್ದಾರೆ ಅಂತ ಯೋಚಿಸುತ್ತಾನೆ. ಯೋಚಿಸುತ್ತಾನೆ, ಮತ್ತೆ ಯೋಚಿಸುತ್ತಾನೆ. ಮೂರನೇ ರಾತ್ರಿ ಒಬ್ಬಳು "ಇಂವ ಎದ್ದು ಹೋಗಿ ಸೀದಾ ಕೇಳೂಕೆ ಎಂತ ಆಗಿದ್ದು?" ಅಂದಳು. ಸಿಟ್ಟು ಬಂತು ನನಗೆ. ಆದರೆ ನನ್ನ ದನಿಗೂ ಸುಸ್ತಾಗಿತ್ತು, ಯಾಕೆ ಸುಳ್ಳು ಹೇಳಲಿ? ಆ ವಾಕ್ಯಗಳು ತಲೆಯೊಳಗೇ ಸುತ್ತುವಂಥವು, ಜಗಲಿಗೆ ಬರುವುದಿಲ್ಲ. ಆ ರಾತ್ರಿ ಎಂದಿಗಿಂತ ಎರಡು ಡಬ್ಬ ಜಾಸ್ತಿ ಸುಲಿದಿದ್ದರು.

ಅಂಕೋಲೆಯ ವಿವೇಕ ಶಾನಭಾಗರ 'ಘಾಚರ್ ಘೋಚರ್' 2013ರದು, ತೆಳ್ಳಗಿನ ಪುಸ್ತಕ, ಎರಡೇ ರಾತ್ರಿ. ಇರುವೆ ಕಾಟದ ಭಾಗಕ್ಕೆ ಎಲ್ಲರೂ ಬಿದ್ದು ಬಿದ್ದು ನಕ್ಕರು, ಇರುವೆ ಇಲ್ಲದ ಮನೆ ಯಾವುದಿದೆ? ನಗು ಯಾವಾಗ ನಿಂತಿತೆಂದು ನನಗೂ ತಿಳಿಯಲಿಲ್ಲ. ದುಡ್ಡು ಬಂದ ಮನೆ ಹೇಗೆ ಬದಲಾಗುತ್ತದೆ ಎಂದು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದವರನ್ನು ನಾನು ಕಂಡಿಲ್ಲ. ಶೀರ್ಷಿಕೆಯ ಪದ ಯಾವ ನಿಘಂಟಿನಲ್ಲೂ ಇಲ್ಲ, ಸಿಕ್ಕಾದ ದಾರದಿಂದ ಹುಟ್ಟಿದ್ದು. ಈಗ ನಮ್ಮ ಕೊನೆ ಕೊಯ್ಯುವ ಕೊನೆಗೌಡ ಹಗ್ಗ ಸಿಕ್ಕಾದರೆ ಮರದ ತುದಿಯಿಂದ ಕೂಗುತ್ತಾನೆ, "ಮಿಣಿ ಘಾಚರ್ ಘೋಚರ್ ಆಯ್ತು, ಬಿಡಿಸ್ರೋ!" ಅವನು ಪುಸ್ತಕ ಮುಟ್ಟಿಲ್ಲ, ಅವನ ಹೆಂಡತಿ ಕೇಳಿಕೊಂಡು ಹೋಗಿದ್ದು.

ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತೆಂದು ಎಲ್ಲರೂ ಕನ್ನಡದ 'ಎದೆಯ ಹಣತೆ' ಕೊಂಡರು. ಕೊಂಡವರಲ್ಲಿ ಎಷ್ಟು ಜನ ಓದಿದ್ದೀರಿ, ಕೈ ಎತ್ತಿ ನೋಡೋಣ! ಗಂಡನ ಮೇಲೆ ದೂರು ಹೊತ್ತು ತವರಿಗೆ ಬಂದ ಮೆಹರುನ್‌ಳನ್ನು ಅಣ್ಣತಮ್ಮಂದಿರು ವಾಪಸು ಕರೆದುಕೊಂಡು ಹೋಗಿ ಬಿಡುವ ಕತೆ ಓದಿದೆ. ಕತ್ತಿ ಬಹಳ ಬೇಗ ನಿಂತಿತು. ಯಾರೂ ಏನೂ ಅನ್ನಲಿಲ್ಲ. ಒಬ್ಬಳು ಎದ್ದು ಒಳಗೆ ಹೋಗಿ ನೀರು ಕುಡಿದು ಬಂದಳು. ಮರುದಿನ ಇನ್ನೊಂದು ಕತೆ ಓದಲೇ ಅಂದರೆ "ಇವತ್ತು ಬೇಡ" ಅಂದರು. ಆ ಪುಸ್ತಕಕ್ಕೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಅದು.

ಗೋಕರ್ಣದ ಜಯಂತ ಕಾಯ್ಕಿಣಿಯವರ ಕತೆಗಳೂ ಬಾಯಿಗೆ ಬಹಳ ಸೊಗಸು. ಮದುವೆಯ ಕಾಗದದಲ್ಲಿ ಹೆಸರು ಹೇಗೆ ಹಾಕಿಸುವುದೆಂದು ಒದ್ದಾಡುವ ಅನಾಥ ಜೋಡಿಯ ಕತೆಯೊಂದಿದೆ. ಅದರ ಬಗ್ಗೆ ಇನ್ನೂ ಹೇಳುವುದಿತ್ತು, ಗಾಜಿನಾಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ.

ಮುನ್ನುಡಿಯ ಮಾತು ಮಾತ್ರ ಬಿಡಲಾರೆ. ಮೊನ್ನೆ ಪರಿಚಯದವರೊಬ್ಬರು ಕವನ ಸಂಕಲನ ಕೊಟ್ಟರು. ಮುನ್ನುಡಿ, ಆಶಯ ನುಡಿ, ಹಾರೈಕೆ, ಕವಿಯ ಅರಿಕೆ, ಎಲ್ಲ ದಾಟುವಷ್ಟರಲ್ಲಿ ಹೆಂಗಸರು ಅಡಿಕೆ ಅಳೆದು ಮನೆಗೆ ಹೋಗಿದ್ದರು. ಊಟಕ್ಕೆ ಕೂರಿಸಿ ಅಡುಗೆಯವನ ಗುಣಗಾನ ಮಾಡಿದ ಹಾಗೆ!

ಕೊನೆಯದು ಕಾರವಾರದವರಿಗಾಗಿ. ರವೀಂದ್ರನಾಥ ಠಾಕೂರರ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತಮ್ಮ ಬಂದು ಉಳಿದಿದ್ದರು. ಆ ತಮ್ಮನ ಆತ್ಮಕಥನ 'ಜೀವನ ಸ್ಮೃತಿ'ಯಲ್ಲಿ ನಿಮ್ಮೂರಿನ ಕೆಲವೇ ಪುಟಗಳಿವೆ. ಬೆಳದಿಂಗಳಲ್ಲಿ ಚಿಕ್ಕ ದೋಣಿಯಲ್ಲಿ ಕಾಳಿ ನದಿಯ ಮೇಲೆ ಹೋಗುತ್ತಾರೆ, ಒಬ್ಬ ರೈತನ ಗುಡಿಸಿದ ಅಂಗಳದಲ್ಲಿ ಬುತ್ತಿ ಬಿಚ್ಚಿ ಉಣ್ಣುತ್ತಾರೆ, ತಡರಾತ್ರಿ ನದಿಯ ಬಾಯಲ್ಲಿ ಇಳಿದು ಮರಳ ಮೇಲೆ ನಡೆದು ಮನೆಗೆ ಬರುತ್ತಾರೆ. ಗಾಳಿಮರಗಳೂ ಸದ್ದು ಮಾಡುತ್ತಿರಲಿಲ್ಲವಂತೆ. 2024ರ ಆಗಸ್ಟಿನಲ್ಲಿ ಹಳೇ ಸೇತುವೆ ಕುಸಿದು ಬಿತ್ತಲ್ಲ, ಅದೇ ಕಾಳಿ. ಸಂಜೆ ಮಕ್ಕಳನ್ನು ಕಡಲತೀರಕ್ಕೆ ಕರೆದುಕೊಂಡು ಹೋಗಿ ಅಲ್ಲೇ ಕೂತು ಓದಿ. ಗಟ್ಟಿಯಾಗಿ, ಅಲೆಯ ಸದ್ದಿಗಿಂತ ಸ್ವಲ್ಪ ಮೇಲೆ.

ಈಗಲೇ ಬಸ್ಸು ಹಿಡಿದರೆ ಸುಲಿಯುವ ಹೊತ್ತಿಗೆ ನಾನು ಮನೆ ಸೇರುತ್ತೇನೆ. ಚೀಲದಲ್ಲಿ ಹೊಸ ಪುಸ್ತಕವಿದೆ. ಮುನ್ನುಡಿಯ ಪುಟಗಳನ್ನು ಒಟ್ಟು ಸೇರಿಸಿ ಬಟ್ಟೆಯ ಕ್ಲಿಪ್ಪು ಹಾಕಿಟ್ಟಿದ್ದೇನೆ. ನಮಸ್ಕಾರ.