ಪಂಪ್ ಸದ್ದು ಇತ್ತು, ಗುಳ್ಳೆ ಇರ್ಲಿಲ್ಲ

ಇದು ಬೆಳಗ್ಗೆ ಐದೂಕಾಲಿನ ಶಾಟ್, ಲೈಟ್ ಕಮ್ಮಿ ಇದೆ. ಮೀನಿಗೆ ಊಟ ಹಾಕೋದನ್ನ ತೆಗಿಯೋಣ ಅಂತ ಕ್ಯಾಮೆರಾ ಇಟ್ಟಿದ್ದೆ. ನೋಡಿ, ಎಲ್ಲಾ ಮೇಲೆ ಬಂದು ಬಾಯಿ ತೆಗೆದು ಮುಚ್ಚಿ ಮಾಡ್ತಿವೆ. ನಾನು ಹಸಿವಾಗಿದೆ ಅನ್ಕೊಂಡು ಊಟ ಉದುರಿಸ್ದೆ, ಒಂದೂ ಮುಟ್ಲಿಲ್ಲ. ಆಗ ಎದೆ ಧಸಕ್ ಅಂತು.

ಏರ್ ಪಂಪ್ ಗುಂಯ್ ಅಂತ ಸದ್ದು ಮಾಡ್ತಾನೇ ಇತ್ತು ಕಣ್ರೀ, ಅದೇ ನನ್ನನ್ನ ಮೋಸ ಮಾಡಿದ್ದು. ರಾತ್ರಿ ಮಲ್ಗೋವಾಗ ಸದ್ದು ಕೇಳ್ಸಿತ್ತು, ಸರಿ ಇದೆ ಅಂತ ಹೋಗಿ ಮಲ್ಕೊಂಡಿದ್ದೆ. ಬಿಚ್ಚಿ ನೋಡಿದ್ರೆ, ಈ ಕ್ಲೋಸಪ್‌ನಲ್ಲಿ ಕಾಣ್ತಿದ್ಯಲ್ಲ, ಒಳಗಿನ ರಬ್ಬರ್ ಪೊರೆ ಅಂಚಲ್ಲಿ ಸೀಳಿದೆ, ಉಗುರಿನಷ್ಟು ಉದ್ದ. ಮೋಟರ್ ಅಲ್ಲಾಡತ್ತೆ, ಗಾಳಿ ಮಾತ್ರ ಪೈಪಿಗೆ ಹೋಗಲ್ಲ. ರಾತ್ರಿಯಿಡೀ ಹಂಗೇ ಇತ್ತು. ಅದರ ಮೇಲೆ ತೊಟ್ಟಿ ತುಂಬ ಗಿಡ ಬೇರೆ, ಗಿಡ ಇದ್ರೆ ಒಳ್ಳೇದು ಅಂತ ನಾನೇ ತುಂಬಿದ್ದು. ಬೆಳಕಿದ್ದಾಗ ಅವು ಆಕ್ಸಿಜನ್ ಕೊಡ್ತವೆ ನಿಜ, ಕತ್ತಲಾದ್ರೆ ಅವೂ ಮೀನಿನ ಜೊತೆ ಕೂತು ಅದನ್ನೇ ಖರ್ಚು ಮಾಡ್ತವೆ, ಹಾಗಾಗಿ ಬೆಳಗಿನ ಜಾವಕ್ಕೆ ನೀರಲ್ಲಿರೋ ಆಕ್ಸಿಜನ್ ತಳ ಕಂಡಿರತ್ತೆ.

ಮಗ್ ತಗೊಂಡು ತೊಟ್ಟಿ ನೀರನ್ನೇ ಮೊಗೆದು ಒಂದು ಮೊಳ ಎತ್ತರದಿಂದ ಸುರಿಯೋಕೆ ಶುರು ಮಾಡ್ದೆ. ಅರ್ಧ ಗಂಟೆ. ಕೈ ಬಿದ್ದೋಯ್ತು. ಗುಳ್ಳೆ ನೀರೊಳಗೆ ಹೋಗಿ ಕರಗೋದ್ರಿಂದ್ಲೇ ಎಲ್ಲಾ ಆಗೋದು ಅನ್ಕೊಂಡಿದ್ದೆ ನಾನು, ಆದ್ರೆ ಹೆಚ್ಚಿನ ಕೆಲಸ ನಡೆಯೋದು ನೀರಿನ ಮೇಲ್ಮೈಲಿ. ಅದು ಕಲಕ್ತಾ ಇದ್ರೆ ಆಕ್ಸಿಜನ್ ಒಳಗೆ ಬರತ್ತೆ, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗತ್ತೆ. ಗುಳ್ಳೆ ಮಾಡೋದು ಬಹುಪಾಲು ಆ ಕಲಕೋ ಕೆಲಸಾನೇ.

ಒಂದು ಲೀಟರ್ ಗಾಳೀಲಿ 210 ಮಿಲಿಲೀಟರ್ ಆಕ್ಸಿಜನ್ ಇದ್ರೆ, 25 ಡಿಗ್ರಿ ಇರೋ ಒಂದು ಲೀಟರ್ ನೀರಲ್ಲಿ ಸುಮಾರು 6 ಮಿಲಿಲೀಟರ್ ಅಷ್ಟೇ, ಬಿಸಿಯಾದಷ್ಟೂ ಇನ್ನೂ ಕಮ್ಮಿ. ಅಷ್ಟರಲ್ಲಿ ಬದುಕ್ಬೇಕು ಪಾಪ. ಇಷ್ಟು ದಿನ ನಮ್ಮ ಶ್ವಾಸಕೋಶದ ಮುಂದೆ ಕಿವಿರು ಏನೂ ಅಲ್ಲ ಅಂತಿದ್ದೆ, ಆ ಮಾತು ವಾಪಸ್ ತಗೋತೀನಿ. ಕಿವಿರಿನ ಎಳೆಗಳಲ್ಲಿ ನೀರು ಒಂದು ಕಡೆಗೆ ಹರಿದ್ರೆ ರಕ್ತ ಅದಕ್ಕೆ ಎದುರಾಗಿ ಹರಿಯತ್ತೆ, ಅದಕ್ಕೇ ಕೊನೇವರೆಗೂ ನೀರಲ್ಲಿ ರಕ್ತಕ್ಕಿಂತ ಒಂಚೂರು ಹೆಚ್ಚು ಆಕ್ಸಿಜನ್ ಇದ್ದೇ ಇರತ್ತೆ, ಎಳ್ಕೋತಾನೇ ಇರ್ಬಹುದು. ಕೆಲವು ಮೀನು ನೂರಕ್ಕೆ 80ರಷ್ಟು ತೆಗೀತವೆ. ನಾವು 21 ಪರ್ಸೆಂಟ್ ಇರೋ ಗಾಳಿ ಎಳ್ಕೊಂಡು 16 ಪರ್ಸೆಂಟ್ ಹಂಗೇ ಹೊರಗೆ ಬಿಡ್ತೀವಿ. ಹಂಗಾದ್ರೆ ಗಾಳೀಲಿ ಅಷ್ಟೊಂದು ಆಕ್ಸಿಜನ್ ಇದ್ರೂ ನೀರಿಂದ ತೆಗೆದ ಮೀನು ಯಾಕೆ ಸಾಯತ್ತೆ? ಎತ್ತಿ ಹಿಡಿಯೋಕೆ ನೀರಿಲ್ದೆ ಆ ಎಳೆಗಳೆಲ್ಲ ಒದ್ದೆ ಕೂದಲಿನ ಥರ ಅಂಟ್ಕೊಂಡು ಬಿಡ್ತವೆ, ಗಾಳಿ ತಾಗೋ ಜಾಗಾನೇ ಉಳಿಯಲ್ಲ.

ಈ ಮೂಲೇಲಿ ಗೌರಾಮಿ ಅನ್ನೋ ಮೀನು ನೋಡಿ, ಒಂಚೂರೂ ಗಾಬರಿ ಇಲ್ಲ. ಮೇಲೆ ಬಂತು, ಒಂದು ಗುಟುಕು ಗಾಳಿ ತಗೊಂತು, ಕೆಳಗೆ ಹೋಯ್ತು. ಕಿವಿರಿನ ಮೇಲೆ ಲ್ಯಾಬಿರಿಂತ್ ಅಂತ ಮಡಿಕೆ ಮಡಿಕೆಯಾಗಿರೋ ಅಂಗ ಇದೆ ಅದಕ್ಕೆ, ಗಾಳಿಯಿಂದ ನೇರ ಆಕ್ಸಿಜನ್ ತಗೊಳತ್ತೆ.

ಆ, ಕಿಟಕೀಲಿ ಪಾರಿವಾಳ. ಉಸಿರಾಟದ ವಿಷ್ಯದಲ್ಲಿ ನಿಜವಾದ ರಾಜ ಇದೇ ಬಿಡಿ, ಕಿವಿರಿಗಿಂತ್ಲೂ ಇದಕ್ಕೇ ನನ್ನ ಓಟು. ಮೈಯೊಳಗೆ ಗಾಳಿಚೀಲಗಳಿದಾವೆ, ಒಳಗೆ ಎಳ್ಕೊಂಡಾಗ್ಲೂ ಹೊರಗೆ ಬಿಟ್ಟಾಗ್ಲೂ ಶ್ವಾಸಕೋಶದಲ್ಲಿ ಹೊಸ ಗಾಳಿ ಒಂದೇ ದಿಕ್ಕಿಗೆ ಹರೀತಾ ಇರತ್ತೆ. ಪಕ್ಕದಲ್ಲಿ ಮಿಡತೆ ಕೂತಿದೆ, ಅದರ ರಕ್ತಕ್ಕೆ ಆಕ್ಸಿಜನ್ ಹೊರೋ ಕೆಲಸಾನೇ ಇಲ್ಲ, ಮೈ ಪಕ್ಕದ ಸಣ್ಣ ತೂತುಗಳಿಂದ ಕೊಳವೆ ಹೊರಟು ಜೀವಕೋಶದ ಬಾಗಿಲಿಗೇ ಗಾಳಿ ಮುಟ್ಟಿಸ್ತವೆ, ಎರೆಹುಳಕ್ಕಂತೂ ಶ್ವಾಸಕೋಶಾನೂ ಇಲ್ಲ ಕೊಳವೇನೂ ಇಲ್ಲ, ಒದ್ದೆ ಚರ್ಮಾನೇ ಎಲ್ಲ, ಅದು ಒಣಗ್ತೋ ಉಸಿರೂ ನಿಂತ್ಹಂಗೆ... ಅಯ್ಯೋ ಪಾರಿವಾಳ ಹಾರ್ತು, ತೊಟ್ಟಿಗೆ ಬರೋಣ.

ಒಂದು ಗೋಲ್ಡ್‌ಫಿಶ್ ಉಳೀಲಿಲ್ಲ. ದೊಡ್ಡದೇ ಹೋಯ್ತು. ಅದನ್ನ ತೆಗೆದಿದ್ದು ನಾನು ಶೂಟ್ ಮಾಡಿಲ್ಲ.

ಇದು ಸಂಜೆ. ಹೊಸ ರಬ್ಬರ್ ಹಾಕಿದೀನಿ, ಪೈಪನ್ನ ಮೇಲ್ಮೈ ಚೆನ್ನಾಗಿ ಕಲಕೋ ಹಾಗೆ ಇಟ್ಟಿದೀನಿ, ಗಿಡ ಅರ್ಧ ಕಿತ್ತಿದೀನಿ. ಕಿವಿರಿನ ಮುಚ್ಚಳ ನೋಡಿ, ಬೆಳಗ್ಗೆ ಪಟಪಟ ಹೊಡ್ಕೋತಿತ್ತು, ಈಗ ನಿಧಾನಕ್ಕೆ ತೆರೆದು ಮುಚ್ತಿದೆ. ಚಿಕ್ಕದು ತಳದಲ್ಲಿ ಕಲ್ಲು ಕೆದಕ್ತಿದೆ, ಈಗ ಊಟ ಹಾಕ್ಬಹುದು.